ಅಂಚಿಗಿಂತ ಕೂದಲೆಳೆ ಕೆಳಗೆ

ಅಲ್ಮಾಟಿ
೯ ಅಕ್ಟೋಬರ್ ೨೦೨೨, ಭಾನುವಾರ

ಶೋಲ್ಪಾನ್ ಅಪ್ಕೆ,

ಫೋನಿನಲ್ಲಿ ನಾನು ಬರೀ ‘ಚೆನ್ನಾಗಿದೀನಿ’ ಅನ್ನುತ್ತೇನೆ, ಅಕ್ಕನಿಗೆ ಅಷ್ಟು ಸಾಲದು, ಹಾಸ್ಟೆಲ್ ಶಾಲೆಯಲ್ಲಿದ್ದಾಗಿನ ಹಾಗೆ ಭಾನುವಾರ ಕೂತು ಕಾಗದ ಬರೆಯಲೇಬೇಕು ಅಂದೆಯಲ್ಲ, ತಗೋ. ಕಜಲಿ ಕಡೆ ಹೋಗುವ ರೈಲಿನ ಏಳನೇ ಬೋಗಿಯ ಕಂಡಕ್ಟರಮ್ಮನ ಕೈಲಿ ಕಳಿಸುತ್ತಿದ್ದೇನೆ. ಜೊತೆಗೆ ಒಂದು ಚೀಲ ಸೇಬು. ಕಂಡಕ್ಟರಮ್ಮ ಎರಡು ತಿನ್ನುತ್ತಾರೆ, ಎಣಿಸಬೇಡ.

ಸುದ್ದಿ ಏನೆಂದರೆ ನನ್ನನ್ನು ಪಾಲಿಮರ್ ಲ್ಯಾಬಿಗೆ ಸೇರಿಸಿಕೊಂಡಿದ್ದಾರೆ! ಮೊದಲ ವರ್ಷದವರನ್ನು ಅಲ್ಲಿ ಹೊಸ್ತಿಲು ದಾಟಲೂ ಬಿಡುವುದಿಲ್ಲ. ಲ್ಯಾಬಿನ ಹೊಸ ಅತಿನೇರಳೆ ದೀಪದ ಜೊತೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ನಮ್ಮ ಪ್ರೊಫೆಸರ್ ರೌಶಾನ್ ಯೆರ್ಮೆಕೋವ್ನ ಅದನ್ನು ತರಗತಿಗೇ ತಂದು, “ಇದನ್ನ ತಡವರಿಸ್ದೆ ಯಾರು ಓದ್ತೀರಿ?” ಅಂದರು. ನಾನು ಕೈ ಎತ್ತಲಿಲ್ಲ. ನನ್ನ ಕೈ ಯಾವತ್ತು ತಾನಾಗಿ ಎದ್ದಿದೆ ಹೇಳು? ಪಕ್ಕದವಳು ನನ್ನ ಮೊಣಕೈ ಹಿಡಿದು ಮೇಲೆತ್ತಿದಳು. ಓದಿದೆ. ಹಾಸ್ಟೆಲ್ ಶಾಲೆಯ ಅರೆಬರೆ ಇಂಗ್ಲಿಷು ಮೊದಲ ಸಲ ಕೆಲಸಕ್ಕೆ ಬಂತು.

“ಫೆಬ್ರವರಿವರ್ಗೂ ನೋಡೋಣ,” ಅಂದರು ಪ್ರೊಫೆಸರ್. “ಸರಿ ಬಂದ್ರೆ ಇರು. ಇಲ್ಲಾಂದ್ರೆ ಎಲ್ಲರ ಹಾಗೆ ಲೈಬ್ರರೀಲಿ ಕೂತು ಓದ್ಕೊ.”

ಕೆಲಸ ಇಷ್ಟು. ಒಂದು ಗಾಜಿನ ಹಲಗೆ, ಅದರ ಮೇಲೆ ರಬ್ಬರಿನ ಚೌಕಟ್ಟು. ಚೌಕಟ್ಟಿನೊಳಗೆ ನೀರಿನಂಥ ದ್ರವ ಸುರಿದು, ಮೇಲೊಂದು ಗಾಜು ಮುಚ್ಚಿ, ಅತಿನೇರಳೆ ದೀಪದ ಕೆಳಗೆ ಹತ್ತು ನಿಮಿಷ ಇಡುವುದು. ಬೆಳಕು ಬಿದ್ದದ್ದೇ ತಡ ದ್ರವದಲ್ಲಿರುವ ಅಣುಗಳು ಒಂದರ ಕೈ ಒಂದು ಹಿಡಿದು ಬಲೆಯಾಗುತ್ತವೆ. ಗಾಜು ಬಿಡಿಸಿದರೆ ಒದ್ದೆಯಾದ, ತೆಳ್ಳಗಿನ, ಕಣ್ಣಿಗೆ ಕಾಣದಷ್ಟು ತಿಳಿಯಾದ ಹಾಳೆ. ಅಣುಗಳಲ್ಲಿ ಕೆಲವಕ್ಕೆ ಧನ ವಿದ್ಯುತ್ತು, ಕೆಲವಕ್ಕೆ ಋಣ. ಯಾವುದು ಎಷ್ಟು ಎಂಬುದರ ಮೇಲೆ ಹಾಳೆಯ ಮೈ ಬದಲಾಗುತ್ತದೆ ಅನ್ನುವುದು ಲ್ಯಾಬಿನಲ್ಲಿ ನಮಗೆಲ್ಲ ಅಣ್ಣನಂತಿರುವ ಮಿರಾಸ್ ಅಗಾ ಅವರ ಸಿದ್ಧಾಂತ. ಒಂದು ಹಾಳೆಯ ಮೇಲೆ ನೀರಿನ ಹನಿ ಮಣಿಯ ಹಾಗೆ ಎದ್ದು ನಿಲ್ಲುತ್ತದೆ, ಇನ್ನೊಂದರ ಮೇಲೆ ಹರಡಿ ಕಾಣೆಯಾಗುತ್ತದೆ. ಹನಿ ಪೂರ್ತಿ ಹರಡುವ ಹಾಳೆ ಸಿಕ್ಕರೆ ಅದನ್ನು ರೋಗಿಗಳಿಗೆ ಹಾಕುವ ನಳಿಕೆಗಳಿಗೆ ಲೇಪಿಸಬಹುದು, ಕ್ರಿಮಿ ಅಂಟುವುದಿಲ್ಲ. ನಿನ್ನ ವಾರ್ಡಿನ ವಿಷಯ!

ಮಿರಾಸ್ ಅಗಾ ಡಾಕ್ಟರೇಟ್ ಮಾಡುತ್ತಿದ್ದಾರೆ, ಮಾರ್ಚಿನಲ್ಲಿ ಪ್ರಬಂಧ ಮಂಡಿಸಬೇಕು. ಅವರು ಹನಿ ಬಿಡುವುದನ್ನು ನೀನು ನೋಡಬೇಕು. ಉಸಿರು ಬಿಗಿಹಿಡಿದು, ಸೂಜಿಯ ತುದಿಯಿಂದ ಒಂದೇ ಒಂದು ಹನಿ. ಸೂಜಿ ಹಾಳೆಗೆ ತಾಗಿಬಿಟ್ಟರೆ ಹಾಳೆಗೇ “ಕ್ಷಮಿಸು” ಅನ್ನುತ್ತಾರೆ. ಯಾರಾದರೂ ಕೇಳಿಸಿಕೊಂಡರೆ ಕಿವಿ ಕೆಂಪಾಗುತ್ತದೆ.

ನಿನ್ನ ತಂಗಿ,
ಬಲ್ಜಾನ್


ಕಜಲಿ
೨೦ ಅಕ್ಟೋಬರ್

ನನ್ನ ಒಂಟೆಮರಿ ಬಲ್ಜಾನ್,

ಸೇಬು ಹನ್ನೊಂದು ಬಂದವು. ಕಾಗದ ಬಂತು. ಮಿರಾಸ್ ಅಗಾ, ಮಿರಾಸ್ ಅಗಾ ಎಂದು ಎಷ್ಟು ಸಲ ಬರೆದಿದ್ದೀಯ ಎಂದು ಎಣಿಸಲು ಹೋದೆ, ಬೆರಳು ಸಾಲಲಿಲ್ಲ. ಕಿವಿ ಕೆಂಪಾಗುವುದನ್ನೂ ನೋಡಿದ್ದೀಯ! ಮೊದಲು ಓದು ಕಣೇ. ಅವನ ಊರು ಯಾವುದು, ಯಾರ ಪೈಕಿ, ಅಷ್ಟು ಮಾತ್ರ ವಿಚಾರಿಸಿಕೊಂಡಿರು.

ನಳಿಕೆಯ ಮಾತು ಓದಿ ನಾನು ಎದ್ದು ಕೂತೆ. ನಮ್ಮ ವಾರ್ಡಿನಲ್ಲಿ ಸೇಯ್ತ್‌ಕಾಲಿ ಅತಾ ಎಂಬ ಮುದುಕರಿದ್ದಾರೆ, ಮೂತ್ರದ ನಳಿಕೆ ಇಲ್ಲದೆ ಆಗದು. ಮೂರು ವಾರಕ್ಕೊಮ್ಮೆ ಒಳಗೆಲ್ಲ ಲೋಳೆ ಕಟ್ಟಿ ಜ್ವರ ಬರುತ್ತದೆ, ತೆಗೆದು ಹೊಸದು ಹಾಕಬೇಕು. ಆಗ ಅವರು ಗೋಡೆ ಕಡೆ ತಿರುಗಿ ಹಾಡು ಹೇಳಿಕೊಳ್ಳುತ್ತಾರೆ, ನನಗೆ ಅಳು ಕೇಳಿಸಬಾರದು ಎಂದು. “ನನ್ ತಂಗಿ ಕ್ರಿಮಿ ಅಂಟ್ದೇ ಇರೋ ನಳಿಕೆ ಮಾಡ್ತಿದಾಳೆ ಅತಾ” ಅಂದೆ. “ಮಾರ್ಚಲ್ಲಿ ಬರೋ ನೌರುಜ್ ಹಬ್ಬದೊಳ್ಗೆ ಮುಗಿಸ್ಲಿ ಅನ್ನು,” ಅಂದರು, “ಆಮೇಲೆ ಒಂಟೆ ಈಯೋ ಕಾಲ, ನಂಗೆ ಪುರುಸೊತ್ತಿರಲ್ಲ.”

ಫೋನಿನಲ್ಲಿ ನನ್ನ ಬಗ್ಗೆ ಕೇಳಿದ್ದೆ. ಆಪರೇಷನ್ ಕೋಣೆ ಬಿಟ್ಟು ವಾರ್ಡಿಗೆ ಬಂದದ್ದಕ್ಕೆ ಬೇಜಾರಿಲ್ಲ. ಸೊಂಟನೋವು ಅಂದಿದ್ದೆನಲ್ಲ, ಇಲ್ಲಿ ಕೂರಲು ಕುರ್ಚಿಯಿದೆ.

ಶೋಲ್ಪಾನ್


ಅಲ್ಮಾಟಿ
೧೩ ನವೆಂಬರ್, ಭಾನುವಾರ

ಅಪ್ಕೆ, ಅಪ್ಕೆ, ಅಪ್ಕೆ!

ಸಿಕ್ಕಿತು! ಧನ, ಋಣ ಎರಡೂ ಸಮಸಮ ಇರುವ ದ್ರವದ ಹಾಳೆಗಳನ್ನೆಲ್ಲ ಮಾಡಲು ಮಿರಾಸ್ ಅಗಾ ನನಗೇ ಬಿಟ್ಟಿದ್ದರು. ಹದಿನಾರು ಹಾಳೆ. ಮಂಗಳವಾರ ಮೊದಲನೆಯದರ ಮೇಲೆ ಹನಿ ಬಿಟ್ಟರು. ಹನಿ ಬಿತ್ತು, ಇಲ್ಲ! ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎರಡನೆಯದೂ ಹಾಗೇ. ಹದಿನಾರೂ ಹಾಗೇ. ಹಾಲಿನಲ್ಲಿ ಅದ್ದಿ ತೊಳೆದರೆ ಹಾಲಿನ ಒಂದು ಕಣವೂ ಅಂಟಲಿಲ್ಲ. ಪ್ರೊಫೆಸರ್ ಕೈಗವಸು ಬಿಚ್ಚಿ ಬೆರಳಿನಿಂದಲೇ ಸವರಿ, “ಈಗ್ತಾನೇ ಹಿಡಿದ ಮೀನಿನ ಬೆನ್ನು,” ಅಂದರು. ಅವರು ಹೊಗಳಿದ್ದನ್ನು ತಾನು ಎರಡನೇ ಸಲ ಕೇಳುತ್ತಿರುವುದು ಎಂದು ಲ್ಯಾಬಿನ ಸಹಾಯಕಿ ಜಿನಾಯಿದಾ ಪಾವ್ಲೊವ್ನ ನನ್ನ ಕಿವಿಯಲ್ಲಿ ಹೇಳಿದರು, ಅವರು ಅಲ್ಲಿಗೆ ಸೇರಿ ನಲವತ್ತು ವರ್ಷವಾಯಿತು.

ಮಿರಾಸ್ ಅಗಾ ಅವತ್ತೇ ಮೂರನೇ ಅಧ್ಯಾಯ ಬರೆಯಲು ಕೂತರು: ಸಮಸಮ ಇದ್ದರೆ ಮೇಲ್ಮೈ ನೀರನ್ನು ಪೂರ್ತಿ ಒಪ್ಪಿಕೊಳ್ಳುತ್ತದೆ. ಎಷ್ಟು ಸರಳ, ಎಷ್ಟು ಬ್ಯೂಟಿಫುಲ್. ಎರಡು ವರ್ಷ ಒಬ್ಬರೇ ಒಂದು ಮಾತನ್ನು ನಂಬಿಕೊಂಡು ಕೂತಿದ್ದರಲ್ಲ, ಅವತ್ತು ಅದನ್ನೇ ನೆನೆಯುತ್ತ ಬಸ್ಸು ಬಿಟ್ಟು ನಡೆದೇ ವಾಪಸು ಬಂದೆ. (ನೀನು ಅಂದುಕೊಂಡ ಹಾಗೆ ಅಲ್ಲ! ಅವರಿಗೆ ಮದುವೆಯಾಗಿದೆ, ಅವಳಿ ಮಕ್ಕಳಿದ್ದಾರೆ.)

ಒಂದೇ ವಿಚಿತ್ರ. ಮಿರಾಸ್ ಅಗಾ ತಾವೇ ಅದೇ ದ್ರವ ಸುರಿದು ಹಾಳೆ ಮಾಡಿದರೆ ಹನಿ ಸ್ವಲ್ಪ ಎದ್ದು ನಿಲ್ಲುತ್ತದೆ. ತಾವು ಮಾಡುವ ಹೊತ್ತಿಗೆ ದೀಪ ದಣಿದಿರುತ್ತದೆ ಅನ್ನುತ್ತಾರೆ.

ಬಲ್ಜಾನ್


ಕಜಲಿ
೨೭ ನವೆಂಬರ್

ಮರಿ,

ನಿನ್ನ ಕಾಗದದಲ್ಲಿ ಅರ್ಧ ನನಗೆ ತಿಳಿಯದ ವಿಜ್ಞಾನ. ಅರ್ಧವನ್ನೇ ಓದಿ ಪೂರ್ತಿ ಸಂತೋಷಪಟ್ಟೆ. ಸೇಯ್ತ್‌ಕಾಲಿ ಅತಾಗೆ ಗಟ್ಟಿಯಾಗಿ ಓದಿ ಹೇಳಿದೆ. ದೊಡ್ಡ ಡಾಕ್ಟರಿಗೂ ಹೇಳಿದೆ. ನರ್ಸುಗಳ ಕೋಣೆಯ ಗೋಡೆಗೆ ನಿನ್ನ ಫೋಟೋ ಅಂಟಿಸಿದ್ದೇವೆ. ಅತಾ ಬಂದವರಿಗೆಲ್ಲ ತೋರಿಸುತ್ತಾರೆ: “ಕಣ್ ನೋಡಿ, ಹೆದರ್‌ಕೊಂಡಿದಾಳೆ. ಹೆದರೋರು ಕೆಲಸ ನೆಟ್ಟಗೆ ಮಾಡ್ತಾರೆ.”

ಅವಳಿ ಮಕ್ಕಳಂತೆ. ಸರಿ ಬಿಡು.

ಶೋಲ್ಪಾನ್


ಅಲ್ಮಾಟಿ
೨೯ ಡಿಸೆಂಬರ್

ಅಪ್ಕೆ,

ಪರೀಕ್ಷೆ ನಡೀತಿದೆ. ಚಳಿ. ಲ್ಯಾಬಿನಲ್ಲಿ ಎಲ್ಲ ಚೆನ್ನಾಗಿದೆ. ಹೊಸ ವರ್ಷದ ಶುಭಾಶಯ, ಅತಾ ಅವರಿಗೂ. ಗೋಡೆಯ ಫೋಟೋ ತೆಗೆದುಬಿಡು, ಪ್ಲೀಸ್.

ಬಲ್ಜಾನ್


ಕಜಲಿ
೬ ಜನವರಿ ೨೦೨೩

ಬಲ್ಜಾನ್,

ಒಂದು ತಿಂಗಳಿಗೆ ಐದು ಸಾಲು. ಅದರಲ್ಲೂ ‘ಎಲ್ಲ ಚೆನ್ನಾಗಿದೆ’. ಫೋನಿನ ಸುಳ್ಳನ್ನು ಕಾಗದಕ್ಕೂ ತಂದೆಯಾ? ಆ ಅವಳಿಗಳ ಅಪ್ಪ ಏನಾದರೂ ಕೆಟ್ಟದಾಗಿ ನಡೆದುಕೊಂಡನೇ? ಹೇಳು, ರಜೆ ಹಾಕಿ ರೈಲು ಹತ್ತುತ್ತೇನೆ. ನನ್ನ ಕೈಯಲ್ಲಿ ಎಂಥೆಂಥ ಸೂಜಿಗಳಿರುತ್ತವೆ ಎಂದು ಅವನಿಗೆ ಗೊತ್ತಿಲ್ಲ.

ಶೋಲ್ಪಾನ್


ಅಲ್ಮಾಟಿ
೧೫ ಜನವರಿ, ಭಾನುವಾರ

ಅಪ್ಕೆ,

ಸೂಜಿ ಒಳಗಿಡು. ಅವರು ಚಿನ್ನದಂಥವರು. ಕೆಟ್ಟ ಕೆಲಸ ಮಾಡಿದವಳು ನಾನು. ಮೊದಲಿನಿಂದ ಹೇಳುತ್ತೇನೆ.

ಶುಕ್ರವಾರ ಮಧ್ಯಾಹ್ನ ಲ್ಯಾಬಿನವರೆಲ್ಲ ಒಟ್ಟಿಗೆ ಚಹಾ ಕುಡಿಯುತ್ತೇವೆ. ಎಲ್ಲರಿಗಿಂತ ಚಿಕ್ಕ ಹುಡುಗಿ ನಾನು, ಸುರಿಯುವುದು ನನ್ನ ಪಾಲು. ಡಿಸೆಂಬರ್ ಎರಡನೇ ವಾರ. ಜಿನಾಯಿದಾ ಪಾವ್ಲೊವ್ನ ಬಟ್ಟಲು ನನ್ನ ಕಡೆ ವಾಪಸು ತಳ್ಳಿದರು.

“ತುಂಬು.”

ಸ್ವಲ್ಪ ಸುರಿದೆ.

“ಗೊತ್ತಮ್ಮ ಗೊತ್ತು, ನಿಮ್ಮಲ್ಲಿ ತುಂಬಿ ಕೊಟ್ರೆ ‘ಕುಡಿದು ಎದ್ದು ಹೋಗು’ ಅಂದ ಹಾಗೆ. ನಾನು ಎಲ್ಲಿಗೂ ಹೋಗಲ್ಲ, ನಲ್ವತ್ತು ವರ್ಷದಿಂದ ಇದೇ ಕುರ್ಚೀಲಿ ಕೂತಿದೀನಿ. ಅಂಚಿನ್ ತನಕ ತುಂಬು!”

ತುಂಬಲು ಹೋದೆ. ಅಂಚಿಗಿಂತ ಸ್ವಲ್ಪ ಕೆಳಗೆ ನನ್ನ ಮಣಿಕಟ್ಟು ತಾನಾಗಿ ನಿಂತಿತು. ಎಲ್ಲರೂ ನಕ್ಕರು. “ಈ ಹುಡುಗಿ ಕೈ ತುಂಬೋದಕ್ಕೆ ಒಪ್ಪೋದೇ ಇಲ್ವಲ್ಲ!” ಅಂದರು ಜಿನಾಯಿದಾ ಪಾವ್ಲೊವ್ನ. ನಾನೂ ನಗಲು ಹೋದೆ, ಆಗಲಿಲ್ಲ. ಕೆಟಲ್ ಕೆಳಗಿಟ್ಟೆ. ಅಜ್ಜಿ ಮಣಿಕಟ್ಟಿಗೆ ಹೊಡೆದು ಹೊಡೆದು ಕಲಿಸಿದ ಕೈ ಇದು. ಚೌಕಟ್ಟಿನೊಳಗೆ ದ್ರವ ಸುರಿಯುವುದೂ ಇದೇ ಕೈ.

ಕೈಪಿಡಿಯಲ್ಲಿ ಸ್ಪಷ್ಟವಾಗಿದೆ, ನಾನೇ ಗಟ್ಟಿಯಾಗಿ ಓದಿದ್ದೆ: ದ್ರವ ಅಂಚಿನವರೆಗೆ ತುಂಬಿ, ಮೇಲಿನ ಗಾಜು ದ್ರವಕ್ಕೆ ತಾಗಬೇಕು, ನಡುವೆ ಗಾಳಿ ಉಳಿಯಬಾರದು. ಮರುದಿನ ಶನಿವಾರ ಯಾರೂ ಇಲ್ಲದಾಗ ಒಂದೇ ದ್ರವದಿಂದ ಎರಡು ಹಾಳೆ ಮಾಡಿದೆ. ಒಂದು, ಎಡಗೈಯಿಂದ ಬಲಗೈ ಹಿಡಿದುಕೊಂಡು ಅಂಚಿನವರೆಗೆ ತುಂಬಿದ್ದು. ಇನ್ನೊಂದು ನನ್ನ ಕೈ ನಿಂತಲ್ಲಿಗೆ ನಿಲ್ಲಿಸಿದ್ದು. ಮೊದಲನೆಯದರ ಮೇಲೆ ಹನಿ ಎದ್ದು ನಿಂತಿತು. ಎರಡನೆಯದರ ಮೇಲೆ ಮಾಯವಾಯಿತು.

ಗಾಳಿಯ ಆಮ್ಲಜನಕ ತಾಗಿದ ಕಡೆ ಬೆಳಕಿನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಅಪ್ಕೆ. ಅಲ್ಲಿ ಬಲೆ ಬಿಗಿಯಾಗುವುದಿಲ್ಲ. ಎಳೆಗಳ ಒಂದು ತುದಿ ಸಡಿಲವಾಗಿ ಉಳಿದು, ನೀರಿನಲ್ಲಿ ಕೂದಲಿನ ಹಾಗೆ ತೇಲಾಡುತ್ತದೆ. ನೀರು ಹರಡಿದ್ದು ಅದರಿಂದ. ಸಮಸಮಕ್ಕೂ ಅದಕ್ಕೂ ಸಂಬಂಧವಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಏಕೆಂದರೆ ಪ್ರಬಂಧದ ಲೆಕ್ಕಕ್ಕೆ ಬಂದ ಸಮಸಮದ ಹಾಳೆಗಳನ್ನೆಲ್ಲ ಮಾಡಿದ್ದು ನಾನು, ಉಳಿದವನ್ನೆಲ್ಲ ಮಾಡಿದ್ದು ಮಿರಾಸ್ ಅಗಾ. ಅವರು ಮನೆಗೆ ಕಿರಿಯ ಮಗ, ಜನ್ಮದಲ್ಲಿ ಯಾರಿಗೂ ಚಹಾ ಸುರಿದವರಲ್ಲ. ಅವರ ಕೈ ತುಂಬಿಬಿಡುತ್ತದೆ.

ನಾಲ್ಕು ವಾರ ಯಾರಿಗೂ ಹೇಳಲಿಲ್ಲ. ಹೇಳಿದರೆ ಅವರ ಮೂರನೇ ಅಧ್ಯಾಯ ಹೋಗುತ್ತದೆ, ಮಾರ್ಚ್ ಹೋಗುತ್ತದೆ. ನನ್ನ ಫೆಬ್ರವರಿ ಅಂತೂ ಹೋಯಿತೆಂದೇ ಲೆಕ್ಕ. ಹಾಸಿಗೆಯಲ್ಲಿ ಮಲಗಿ ಇಂಗ್ಲಿಷಿನಲ್ಲಿ, ರಷ್ಯನ್‌ನಲ್ಲಿ, ನಮ್ಮ ಮಾತಿನಲ್ಲಿ ಹೇಳಿ ಹೇಳಿ ನೋಡಿಕೊಂಡೆ. ಮೂರರಲ್ಲೂ ಕೆಟ್ಟದಾಗಿಯೇ ಕೇಳಿಸಿತು.

ಮೊನ್ನೆ ಗುರುವಾರ ಹೇಳಿದೆ. ಅವರು ಅವಳಿಗಳ ಕೈಗವಸು ಒಣಗಿಸಲು ರೇಡಿಯೇಟರಿನ ಮೇಲಿಡುತ್ತಿದ್ದರು. ಪೂರ್ತಿ ಕೇಳಿದರು. “ಸುರಿದು ತೋರ್ಸು,” ಅಂದರು. ತೋರಿಸಿದೆ. ಬಗ್ಗಿ, ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದು ಆ ಸಣ್ಣ ಸಂದನ್ನು ಬಹಳ ಹೊತ್ತು ನೋಡಿದರು. ಕೋಟು ಹಾಕಿಕೊಳ್ಳದೆ ಹೊರಗೆ ಹೋದರು. ಕೂದಲ ಮೇಲೆಲ್ಲ ಹಿಮ ತುಂಬಿಕೊಂಡು ವಾಪಸು ಬಂದರು.

“ಇನ್ನು ಯಾರ ಹತ್ರಾನೂ ಬಾಯಿ ಬಿಡ್ಬೇಡ. ಅರ್ಥ ಆಯ್ತಾ? ಪ್ರೊಫೆಸರ್ ಹತ್ರಾನೂ.”

ಅಷ್ಟೆ. ಮುಚ್ಚಿಡುತ್ತಾರೆ ಅಪ್ಕೆ. ಅವರೇ ಹೀಗೆ ಮಾಡಿದರೆ... ಫೆಬ್ರವರಿ ಮೂರಕ್ಕೆ ಇಡೀ ವಿಭಾಗದ ಮುಂದೆ ಅವರ ಸೆಮಿನಾರ್. ನಾನು ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದು. ಅತಾ ಒಬ್ಬರನ್ನು ಬಿಟ್ಟು. ಏನು ಮಾಡಲಿ?

ಬಲ್ಜಾನ್


ಕಜಲಿ
೨೩ ಜನವರಿ

ಬಲ್ಜಾನ್,

ಏನು ಮಾಡಲಿ ಎಂದು ನನ್ನನ್ನು ಕೇಳಬೇಡ. ನಾನು ಏನು ಮಾಡಿದೆ ಎಂದು ಹೇಳುತ್ತೇನೆ.

ನನ್ನ ಸೊಂಟಕ್ಕೆ ಏನೂ ಆಗಿಲ್ಲ. ಹೋದ ವರ್ಷ ಒಂದು ಆಪರೇಷನ್ ಮುಗಿದು ಹೊಲಿಗೆ ಹಾಕುವ ಮುಂಚೆ ರಕ್ತ ಒರೆಸುವ ಬಟ್ಟೆತುಂಡು ಎಣಿಸಿದೆ. ಹತ್ತೊಂಬತ್ತು. ಇಪ್ಪತ್ತು ಇರಬೇಕಿತ್ತು. ಮತ್ತೆ ಎಣಿಸಿದೆ, ಹತ್ತೊಂಬತ್ತು. “ಒಂದು ಕಮ್ಮಿ ಇದೆ” ಅಂದೆ. ಶಸ್ತ್ರವೈದ್ಯರು, “ನಿಂಗೆ ಎಣಿಸೋಕ್ ಬರಲ್ಲ” ಅಂದರು. “ಬರುತ್ತೆ” ಅಂದೆ. ಇನ್ನೂ ಮುಕ್ಕಾಲು ಗಂಟೆ ಆ ಹೆಂಗಸಿನ ಹೊಟ್ಟೆ ಹುಡುಕಿದರು. ಒಳಗೆ ಏನೂ ಇರಲಿಲ್ಲ. ಆ ತುಂಡು ಶಸ್ತ್ರವೈದ್ಯರ ಚಪ್ಪಲಿಯ ಅಡಿಗೆ ಅಂಟಿಕೊಂಡಿತ್ತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಅವರೊಬ್ಬರನ್ನು ಬಿಟ್ಟು. ಮುಂದಿನ ವಾರ ನನ್ನ ಹೆಸರು ವಾರ್ಡಿನ ಪಟ್ಟಿಯಲ್ಲಿತ್ತು.

ನಿನಗೆ ಹೇಳಲಿಲ್ಲ. ಹಾಸ್ಟೆಲಿನಲ್ಲಿ ನನ್ನ ಅಕ್ಕ ಆಪರೇಷನ್ ಕೋಣೆಯಲ್ಲಿದ್ದಾಳೆ ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆಯಲ್ಲ. ಆ ಹೆಂಗಸು ಈಗಲೂ ಸಂತೆಯಲ್ಲಿ ಸಿಗುತ್ತಾಳೆ. ನಾನು ಅವಳ ಮುಖ ನೋಡಿ ಮಾತಾಡಬಲ್ಲೆ. ನನ್ನ ಹತ್ತಿರ ಇರುವುದು ಅಷ್ಟೆ.

ಅತಾ ವಿಷಯ ತಲೆಗೆ ಹಾಕಿಕೊಳ್ಳಬೇಡ. ಹಬ್ಬಕ್ಕೆ ನಳಿಕೆ ಬರುತ್ತದೆಂದು ಅವರು ನಂಬಿರಲೇ ಇಲ್ಲವಂತೆ. “ನಿನ್ ಮುಖ ಅರಳ್ಲಿ ಅಂತ ಹೂಂ ಅಂದೆ” ಅಂದರು. ನೋಡು, ಯಾರು ಯಾರನ್ನು ಸಮಾಧಾನ ಮಾಡುತ್ತಿದ್ದರೋ.

ಶೋಲ್ಪಾನ್


ಅಲ್ಮಾಟಿ
೩ ಫೆಬ್ರವರಿ, ಶುಕ್ರವಾರ

ಅಪ್ಕೆ,

ನಿನ್ನ ಕಾಗದವನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಸೆಮಿನಾರಿಗೆ ಹೋದೆ. ಇಷ್ಟು ದಿನ ನಿನ್ನ ಬಗ್ಗೆ ಎಲ್ಲರ ಮುಂದೆ ಹೇಳಿಕೊಂಡಿದ್ದೆಲ್ಲ ಕಡಿಮೆಯೇ ಆಯಿತು.

ನಲವತ್ತು ಜನ ಇದ್ದರು. ಮಿರಾಸ್ ಅಗಾ ಮೂರು ವಾರದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಲ್ಯಾಬಿಗೆ ಬೀಗ ಹಾಕಿಕೊಂಡು ಕೆಲಸ ಮಾಡುತ್ತಿದ್ದರು, ಕಣ್ಣು ಕೆಂಪಾಗಿತ್ತು, ಗಡ್ಡ ಬೆಳೆದಿತ್ತು. ಅವರು ಮುಂದೆ ಬಂದು ನಿಂತು ಗಂಟಲು ಸರಿಮಾಡಿಕೊಂಡರು. ನಾನು ಎದ್ದು ನಿಂತೆ. ಯಾರೂ ನನ್ನ ಮೊಣಕೈ ಎತ್ತಲಿಲ್ಲ, ನಾನೇ ನಿಂತೆ. ಮೂರು ಭಾಷೆಯಲ್ಲಿ ಅಭ್ಯಾಸ ಮಾಡಿದ್ದೆನಲ್ಲ, ಬಾಯಿಗೆ ಬಂದಿದ್ದು ನಮ್ಮೂರ ಮಾತು:

“ಮೂರನೇ ಅಧ್ಯಾಯ ತಪ್ಪು. ನಾನು ಚೌಕಟ್ಟು ತುಂಬ್ತಿರ್ಲಿಲ್ಲ. ಗಾಳಿ ಬಿಟ್ಬಿಡ್ತಿದ್ದೆ. ನೀರು ಹರಡಿದ್ದು ಅದಕ್ಕೆ.”

ಮಿರಾಸ್ ಅಗಾ ನನ್ನನ್ನು ನೋಡಿದರು. ಆಮೇಲೆ ಹಿಂದೆ ತಿರುಗಿ ಪರದೆಯ ಮೇಲೆ ಮೊದಲ ಚಿತ್ರ ಹಾಕಿದರು. ಅದರಲ್ಲಿ ಎರಡು ಚೌಕಟ್ಟು ಅಕ್ಕಪಕ್ಕ. ಒಂದು ಅಂಚಿನವರೆಗೆ, ಒಂದು ಕೂದಲೆಳೆಯಷ್ಟು ಕೆಳಗೆ. ಮೇಲೆ ದಪ್ಪ ಅಕ್ಷರದಲ್ಲಿ: ‘ಮೂರನೇ ಅಧ್ಯಾಯ ಏಕೆ ತಪ್ಪು’.

“ನನ್ ಭಾಷಣ ನೀನೇ ಮಾಡಿದ್ರೆ ನಾನ್ಯಾಕೆ ಗಡ್ಡ ಬಿಟ್ಕೊಂಡು ಕೂತಿದ್ದೆ? ಕೂತ್ಕೊಳೇ,” ಅಂದರು.

ಇಡೀ ಕೋಣೆ ನಕ್ಕಿತು. ನನಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಮುಚ್ಚಿಡುತ್ತಾರೆ ಅಂದುಕೊಂಡಿದ್ದೆ! ಅಂಥವರನ್ನು!

ಆಮೇಲೆ ಅವರು ತೋರಿಸಿದ್ದನ್ನು ನಾನು ಜೀವ ಇರುವವರೆಗೆ ಮರೆಯುವುದಿಲ್ಲ. ಮೂರು ವಾರದಲ್ಲಿ ತೊಂಬತ್ತು ಹಾಳೆ ಮಾಡಿದ್ದರು. ಸಂದಿಗೆ ಒಂದು ಕಾಗದದ ದಪ್ಪದಷ್ಟು ಗಾಳಿ, ಎರಡು ಕಾಗದದಷ್ಟು, ಮೂರು, ಹೀಗೆ ಅಳೆದು ಅಳೆದು. ಪ್ರತಿ ಅಳತೆಗೂ ಧನ ಹೆಚ್ಚು, ಋಣ ಹೆಚ್ಚು, ಸಮಸಮ. ಸಂದು ದೊಡ್ಡದಾದ ಹಾಗೆ ಮೈ ಸಡಿಲವಾಗುತ್ತ ಹೋಗುತ್ತದೆ, ಒಂದು ಮಟ್ಟ ದಾಟಿದರೆ ಹರಿದೇ ಹೋಗುತ್ತದೆ. ಸಮಸಮ ಇದ್ದರಷ್ಟೇ ಆ ಸಡಿಲ ಎಳೆಗಳ ಮೇಲೆ ಹಾಲು ಅಂಟುವುದಿಲ್ಲ. ಎರಡೂ ಬೇಕು. ಅವರ ಅರ್ಧ ಸರಿ, ಇನ್ನರ್ಧ ಯಾರಿಗೂ ಗೊತ್ತಿರಲಿಲ್ಲ. ಮಂಡನೆ ಮಾರ್ಚಿನಿಂದ ಅಕ್ಟೋಬರಿಗೆ ಹೋಯಿತು. ಹಾಗೆಂದು ಅವರೇ ಹೇಳಿದರು, ಬಸ್ಸು ತಪ್ಪಿತು ಅನ್ನುವ ಹಾಗೆ.

“ಬಾಯಿ ಬಿಡ್ಬೇಡ ಅಂದಿದ್ರಲ್ಲ?” ಎಂದು ಆಮೇಲೆ ಕೇಳಿದೆ.

“ನೀನು ಹೇಳಿದ್ರೆ ನಿನ್ ತಪ್ಪು ಅನ್ನಿಸ್ಕೊಳ್ತಿತ್ತು. ನಿನ್ ಪಕ್ಕ ನಿಂತು ಒಂದು ಸಲಾನೂ ನೋಡ್ದೆ ಬರೆದವ್ನು ನಾನು.” ಕಿವಿ ಕೆಂಪಾಗಿತ್ತು.

ಆದರೆ ನಿನಗೆ ಹೇಳಬೇಕಾದದ್ದು ಬೇರೆ. ಪ್ರೊಫೆಸರ್ ರೌಶಾನ್ ಯೆರ್ಮೆಕೋವ್ನ ಎದ್ದು ಬೋರ್ಡಿನ ಹತ್ತಿರ ಹೋಗಿ, “ಇನ್ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?” ಅಂದರು. ನಾಲ್ಕನೇ ವರ್ಷದ ಹುಡುಗನೊಬ್ಬ ಎದ್ದು, ಶರತ್ಕಾಲದಿಂದ ತನ್ನ ಥರ್ಮಾಮೀಟರು ಎರಡು ಡಿಗ್ರಿ ಸುಳ್ಳು ಹೇಳುತ್ತಿದೆ ಅಂದ. ಅವರು ಬೋರ್ಡಿನ ಮೇಲೆ ಬರೆದರು. ಇನ್ನೊಬ್ಬಳು, ತೂಕ ಮಾಡುವ ಮುಂಚೆ ಹಾಳೆ ಪೂರ್ತಿ ಒಣಗಿಸುವಷ್ಟು ತಾಳ್ಮೆ ತನಗಿರಲಿಲ್ಲ ಅಂದಳು. ಬರೆದರು. ಜಿನಾಯಿದಾ ಪಾವ್ಲೊವ್ನ ಕೂತಲ್ಲಿಂದಲೇ, “ಎರಡು ಬಾಟ್ಲಿ ಚೀಟಿ ಅದಲುಬದಲಾಗಿತ್ತು, ತಿರುಗಿ ಅಂಟ್ಸಿದೀನಿ, ಯಾವತ್ತು ಅಂತ ಕೇಳ್ಬೇಡಿ,” ಅಂದರು. ಅದನ್ನೂ ಬರೆದರು. ಒಂಬತ್ತು ಸಾಲಾಯಿತು.

ಹತ್ತನೆಯದನ್ನು ಯಾರೂ ಹೇಳಲಿಲ್ಲ, ಅವರೇ ಬರೆದರು: ‘೧೯೮೯. ರೌಶಾನ್. ಡಾಕ್ಟರೇಟ್, ಎರಡನೇ ಅಧ್ಯಾಯ. ದೀಪ ಪೂರ್ತಿ ಬಿಸಿಯಾಗುವ ಮೊದಲೇ ಗಡಿಯಾರ ಒತ್ತುತ್ತಿದ್ದೆ, ಸಮಯವೆಲ್ಲ ತಪ್ಪು.’

“ಮೂವತ್ನಾಲ್ಕು ವರ್ಷ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ,” ಅಂದರು. ಕೈಯ ಸೀಮೆಸುಣ್ಣದ ಪುಡಿ ಝಾಡಿಸಿಕೊಂಡು ಹಂಚತೊಡಗಿದರು: ಇದನ್ನು ನೀನು ಮತ್ತೆ ಮಾಡು, ಇದನ್ನು ನೀನು. ಹತ್ತನೇ ಸಾಲಿಗೆ ಬಂದಾಗ ಕೋಣೆಯನ್ನೆಲ್ಲ ಒಮ್ಮೆ ನೋಡಿ, “ಇದು ಬಲ್ಜಾನ್‌ಗೆ,” ಅಂದರು. “ಹಳೇ ದೀಪ ನೆಲಮಾಳಿಗೇಲಿದೆ. ಸೋಮವಾರ ಎಂಟಕ್ಕೆ ಬಾ.”

ಫೆಬ್ರವರಿಯ ಗಡುವು ನೆನಪಾಗಿ, ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದೆ.

“ನಂಗೆ ಮೂರು ವರ್ಷ ಹಿಡೀತು,” ಅಂದರು.

ಬಲ್ಜಾನ್